ಕಲಗಚ್ಚಿನ ಬಾನಿಗೆ ಬಂದ ಮೀನು

ನಾನು ಕಲ್ಲು. ಕಲ್ಲಿಗೆ ಹೊಟ್ಟೆ ಬಂದದ್ದು ಹೇಗೆಂದು ಮೊದಲು ಹೇಳಿಬಿಡುತ್ತೇನೆ. ಆ ಹೊಟ್ಟೆಯೊಳಗೆ ಏನೇನು ಕಂಡೆ ಅನ್ನುವುದು ಆಮೇಲೆ.

ಕೊಯಿರಾ ಕಡೆಯ ಒಂದು ಬಂಡೆಯೊಳಗೆ ನಾನು ಎಷ್ಟು ಕಾಲ ಮಲಗಿದ್ದೆನೋ ನನಗೇ ಗೊತ್ತಿಲ್ಲ. ಬಂಡೆಯೊಳಗೆ ಬೆಳಗೂ ಇಲ್ಲ, ಬೈಗೂ ಇಲ್ಲ. ಒಂದು ದಿನ ಓಬಳಪ್ಪ ಎಂಬ ಕಲ್ಲುಕುಟಿಗ ಬಂದು ಬಂಡೆಯ ಮೈಯನ್ನು ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿದ. ತಟ್ಟುವುದು, ಕಿವಿಯಿಡುವುದು, ಮತ್ತೆ ತಟ್ಟುವುದು. ನಾನಿದ್ದ ಜಾಗಕ್ಕೆ ಬಂದಾಗ ಅವನ ಮುಖ ಅರಳಿತಂತೆ. "ಇಲ್ಲಿ ಬಿರುಕಿಲ್ಲ ಕಣೇ, ಗಂಟೆ ಹೊಡೆದಂಗೈತೆ," ಎಂದು ಹೆಂಡತಿ ನರಸಕ್ಕನನ್ನು ಕೂಗಿದ. ನನಗೊಂದು ದನಿ ಇದೆ ಅನ್ನುವುದು ನನಗೆ ಗೊತ್ತಾದದ್ದೇ ಆಗ.

ಸಾಲಾಗಿ ತೂತು ಕೊರೆದು, ಒಂದೊಂದಕ್ಕೂ ಕಬ್ಬಿಣದ ಬೆಣೆ ಇಟ್ಟು, ಏಟು ಹಾಕುತ್ತ ಹೋದ. ಒಂದು ಏಟಿಗೆ ಬಂಡೆ ಬಾಯಿ ಬಿಟ್ಟಿತು. ಬೆಳಕು ನುಗ್ಗಿತು. ಬೆಳಕು ಅಂದರೆ ಇಷ್ಟೊಂದು ಇರುತ್ತದೆಯೆ ಅಂತ ನಾನು ದಂಗಾಗಿಹೋದೆ.

ಆಮೇಲೆ ಉಳಿ ಹಿಡಿದು ನನ್ನ ನಡುವನ್ನು ತೋಡಿದ. ತೋಡಿದಷ್ಟೂ ನಾನು ಕಡಿಮೆಯಾಗುತ್ತಿದ್ದೇನೆ ಅಂದುಕೊಂಡೆ. ಮನುಷ್ಯ ಕಾಲು ಮಡಿಸಿ ಮಲಗಬಹುದಾದಷ್ಟು ಗುಂಡಿಯಾಯಿತು. ಅಂಚನ್ನು ಅವನು ನುಣ್ಣಗೆ ತಿಕ್ಕುತ್ತಿದ್ದಾಗ ಬುತ್ತಿ ತಂದ ನರಸಕ್ಕ ನಕ್ಕಳು. "ಏನು ನಿನ್ನ ಮಗಳಿಗೆ ತೊಟ್ಟಿಲು ಮಾಡ್ತಿದ್ದೀಯಾ, ಇಷ್ಟು ನುಣುಪು?"

"ಹಸು ಮೂತಿ ಇಕ್ಕೋ ಜಾಗ ಕಣೇ. ಅದರ ತುಟಿ ಕುಯ್ದ್ರೆ ಶಾಪ ನಂಗೆ ತಾನೆ?"

ಕೊನೆಗೆ ತಳಕ್ಕೆ ತಾಗಿದಂತೆ, ಗೋಡೆಯ ಒಂದು ಮೂಲೆಯಲ್ಲಿ ಹೆಬ್ಬೆರಳು ತೂರುವಷ್ಟು ತೂತು ಕೊರೆದ. ತೊಳೆದ ನೀರು ಹೋಗಲು ದಾರಿ ಬೇಕಲ್ಲ, ಅದಕ್ಕೆ. ಕೊರೆದು ಮುಗಿಸಿ, ಮುಚ್ಚಲು ಅದಕ್ಕೊಂದು ಚಿಂದಿ ತುರುಕಿದ. ಆ ತೂತನ್ನು ಮರೆಯಬೇಡಿ. ಮುಂದೆ ಅದರ ಕೆಲಸವಿದೆ.

ಅವತ್ತು ಸಂಜೆ ಮಳೆ ಬಂತು. ನನ್ನ ಹೊಸ ಹೊಟ್ಟೆ ತುಂಬಿತು. ಮಳೆ ನಿಂತ ಮೇಲೆ ನೋಡುತ್ತೇನೆ, ಮೇಲಿದ್ದ ಮೋಡ ನನ್ನೊಳಗಿದೆ! ಒಂದು ಹದ್ದು ನನ್ನ ಹೊಟ್ಟೆಯ ಈ ಮೂಲೆಯಿಂದ ಆ ಮೂಲೆಗೆ ಹಾರಿಹೋಯಿತು. ಕಡಿಮೆಯಾಗುತ್ತಿದ್ದೇನೆ ಅಂದುಕೊಂಡಿದ್ದೆನಲ್ಲ, ಅದು ನನ್ನ ದಡ್ಡತನ.

ದೊಡ್ಡಬಳ್ಳಾಪುರದ ನೇಕಾರರ ಬೀದಿಯ ಪುಟ್ಟನಂಜಮ್ಮನ ಮನೆಗೆ ನನ್ನನ್ನು ತಂದು ಗೇಟಿನ ಪಕ್ಕ ಇಳಿಸಿದರು. ಇಳಿಸಲು ಆರು ಜನ ಬೇಕಾಯಿತು. ಪುಟ್ಟನಂಜಮ್ಮನಿಗೆ ಕೆಂದಿ ಅನ್ನುವ ಹಸು ಇತ್ತು. ಬೀದಿಯ ಮಿಕ್ಕ ಮನೆಗಳಲ್ಲಿ ಮಗ್ಗಗಳಿದ್ದವು, ಹಸು ಇರಲಿಲ್ಲ. ಆದರೂ ಬೆಳಗಾದರೆ ಎಲ್ಲ ಮನೆಯ ಹೆಂಗಸರೂ ನನ್ನ ಬಳಿಗೆ ಬರುತ್ತಿದ್ದರು. ಅಕ್ಕಿ ತೊಳೆದ ನೀರು, ಅನ್ನ ಬಸಿದ ಗಂಜಿ, ಸೊಪ್ಪಿನ ದಂಟು, ಬಾಳೆಕಾಯಿ ಸಿಪ್ಪೆ, ಇದೆಲ್ಲ ಸೇರಿ ಕಲಗಚ್ಚು. ಅದನ್ನು ಮೋರಿಗೆ ಚೆಲ್ಲಿದರೆ ಮನೆಗೆ ಒಳ್ಳೆಯದಲ್ಲ ಅಂತ ಅವರ ನಂಬಿಕೆ. ಹಸುವಿನ ಬಾಯಿಗೆ ಹೋಗಬೇಕು. ನಾನು ಅದಕ್ಕೆಂದೇ ಹುಟ್ಟಿದ ಕಲ್ಲುಬಾನಿ.

ಪಕ್ಕದ ಮನೆಗೆ ಚೌಡಮ್ಮ ಹೊಸ ಸೊಸೆಯಾಗಿ ಬಂದಿದ್ದಳು. ಬಂದ ಮಾರನೆಯ ದಿನವೇ, ಕೈಯ ಹಸಿರು ಬಳೆ ಗಲಗಲ ಅನ್ನಿಸುತ್ತ, ಒಂದು ಅಗಲ ಬಾಯಿಯ ಪಾತ್ರೆ ಹಿಡಿದು ಬಂದಳು. ಅವಳ ಅತ್ತೆ ಹೇಳಿಕೊಟ್ಟಿದ್ದಳು: ಮೊದಲು ಕಲಗಚ್ಚು ಬಾನಿಗೆ, ಆಮೇಲೆ ಒಲೆಯ ಮೇಲೆ ಎಸರು. ಚೌಡಮ್ಮ ಹುಯ್ಯುವಾಗ ಒಂದು ಹನಿಯೂ ಆಚೆ ಸಿಡಿಯುತ್ತಿರಲಿಲ್ಲ. ನನಗೆ ಕಣ್ಣು ಮುಚ್ಚಿಕೊಂಡಿದ್ದರೂ ಯಾರು ಹುಯ್ದರೆಂದು ಸದ್ದಿನಿಂದಲೇ ಗೊತ್ತಾಗುತ್ತಿತ್ತು.

ಕೆಂದಿ ಬಂದು ಮೂತಿ ಇಕ್ಕಿದಾಗ ಅದರ ಬಿಸಿ ಉಸಿರಿಗೆ ನನ್ನ ಮೈ ಬೆವರುತ್ತಿತ್ತು. ತಳದ ಕೊನೆಯ ಅಗುಳಿನವರೆಗೂ ಒರಟು ನಾಲಿಗೆಯಿಂದ ನೆಕ್ಕುತ್ತಿತ್ತು. ಓಬಳಪ್ಪ ತಿಕ್ಕಿದ್ದಕ್ಕಿಂತ ಅದು ನೆಕ್ಕಿ ನುಣುಪು ಮಾಡಿದ್ದೇ ಹೆಚ್ಚು. ಆದರೆ ನನ್ನಲ್ಲಿ ಏನೂ ನಿಲ್ಲುತ್ತಿರಲಿಲ್ಲ. ತುಂಬುವುದು, ಬರಿದಾಗುವುದು. ಬದುಕು ಅಂದರೆ ಇಷ್ಟೇ ಅಂದುಕೊಂಡಿದ್ದೆ.

ಕೆಂದಿಗೆ ವಯಸ್ಸಾಗಿ ಹೋಯಿತು. ಅದರ ಕರುಗಳು, ಕರುಗಳ ಕರುಗಳೂ ನನ್ನಲ್ಲಿ ಕುಡಿದು ಹೋದವು. ಪುಟ್ಟನಂಜಮ್ಮನೂ ಹೋದಳು. ಮನೆ ಅವಳ ನೆಂಟರ ಕೈಗೆ ಬಂತು. ಅವರು ಹೆಂಚು ತೆಗೆಸಿ ತಾರಸಿ ಹಾಕಿಸಿದರು. ಗಾರೆಯವರಿಗೆ ನಾನು ಸಿಕ್ಕಿದೆ. ನನ್ನೊಳಗೆ ಸಿಮೆಂಟು ಕಲೆಸಿದರು. ಕೆಲಸ ಮುಗಿದ ಮೇಲೆ ತೊಳೆಯಬೇಕು ಅಂತ ಯಾರಿಗೂ ಅನಿಸಲಿಲ್ಲ. ಚೌಡಮ್ಮ ಒಂದು ಬೆಳಿಗ್ಗೆ ರೂಢಿಯಂತೆ ಪಾತ್ರೆ ಹಿಡಿದು ಬಂದವಳು, ನನ್ನ ಬಾಯಲ್ಲಿ ಗಟ್ಟಿಯಾಗಿ ಕೂತಿದ್ದ ಬೂದಿ ಬಣ್ಣ ನೋಡಿ, ಪಾತ್ರೆಯನ್ನು ಹಾಗೇ ಹಿಡಿದುಕೊಂಡು ವಾಪಸು ಹೋದಳು. ಅದಾದ ಸ್ವಲ್ಪ ದಿನಕ್ಕೆ ಶಿಡ್ಲಘಟ್ಟದ ಮಗಳ ಮನೆಗೆ, ಮೊಮ್ಮಗಳ ಬಾಣಂತನಕ್ಕೆಂದು ಹೊರಟವಳು ವರ್ಷಗಟ್ಟಲೆ ಅಲ್ಲೇ ಉಳಿದಳು.

ಆಮೇಲೆ ಮನೆ ಕೊಂಡು ಬಂದವರು ವೀರಭದ್ರ ಮತ್ತು ಸುಗುಣ. ವೀರಭದ್ರ ಲಗೇಜ್ ಆಟೋದಲ್ಲಿ ನೂಲಿನ ಮೂಟೆ ಸಾಗಿಸುವವನು. ಬೀದಿಯಲ್ಲಿ ನಿಲ್ಲಿಸಿದ್ದ ಗಾಡಿಯ ಬ್ಯಾಟರಿಯನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದರು. ಗಾಡಿಯನ್ನು ಅಂಗಳಕ್ಕೆ ತರಬೇಕೆಂದರೆ ಗೇಟಿನ ಪಕ್ಕದಲ್ಲಿ ನಾನು ಅಡ್ಡ.

"ಇದೇನಿದು, ಯಾರೋ ಮುನಿಸ್ಕೊಂಡು ಕೂತಂಗೈತೆ ಗೇಟ್ನಾಗೆ. ಒಡೆಸಿ ಹಾಕೋಣ," ಅಂದ.

ಸುಗುಣ ಪವರ್‌ಲೂಮ್ ಕಾರ್ಖಾನೆಗೆ ಹೋಗುವವಳು. ಮುಂಜಾನೆ ಹೋದರೆ ದಿನವಿಡೀ ಮಗ್ಗಗಳ ಕಟಕಟ. ಮನೆಗೆ ಬಂದರೂ ಆ ಸದ್ದು ಅವಳ ಕಿವಿಯೊಳಗೇ ಇರುತ್ತಿತ್ತು. ಮಗ್ಗದ ಸದ್ದನ್ನು ಮೀರಿ ಮಾತಾಡಿ ಮಾತಾಡಿ ಅವಳ ಗಂಟಲೂ ದೊಡ್ಡದು. ಗಂಡ ಹೆಂಡಿರು ಉಪ್ಪು ಕೇಳಿದರೂ ಬೀದಿಗೆಲ್ಲ ಜಗಳ ಅನಿಸುತ್ತಿತ್ತು. ಅವಳ ಜೊತೆ ಕೆಲಸ ಮಾಡುವವಳೊಬ್ಬಳು ಫೋನಿನಲ್ಲಿ ತೋರಿಸಿದ್ದಳಂತೆ: ಯಾರದೋ ಅಂಗಳ, ಅಲ್ಲೊಂದು ತೊಟ್ಟಿ, ತೊಟ್ಟಿಯಲ್ಲಿ ಹೂವು, ಹೂವಿನ ಕೆಳಗೆ ಕೆಂಪು ಮೀನು.

"ಒಡೀಬ್ಯಾಡಿ," ಅಂದಳು. "ಇದ್ರಲ್ಲಿ ಮೀನು ಸಾಕ್ತೀನಿ."

"ಹಸು ಕುಡಿಯೋ ಬಾನೀಲಿ ಮೀನಾ? ನಾಳೆ ದನದ ಕೊಟ್ಟಿಗೇಲಿ ಹಂಸ ಸಾಕ್ತೀನಿ ಅನ್ನು!"

"ನಗ್ರಿ. ದಿನಾ ಬಡಿದಾಡೋ ಸದ್ದಲ್ಲೇ ಬಾಳ್ತಿದ್ದೀನಿ. ಸದ್ದು ಮಾಡದೆ ಇರೋದು ಏನಾದ್ರೂ ಒಂದು ನನ್ನ ಮನೇಲಿರಲಿ."

ವೀರಭದ್ರ ತಲೆ ಕೆರೆದುಕೊಂಡ. "ದೀಪಾವಳಿ ತನಕ ನೋಡ್ತೀನಿ. ನಾತ ಬಂದ್ರೆ, ಸೊಳ್ಳೆ ಎದ್ರೆ, ಸಮ್ಮಟಿಗೆ ತರಿಸ್ತೀನಿ."

"ನಾತ ಬಂದ್ರೆ ಮೊದಲನೆ ಏಟು ನಂದೇ," ಅಂದಳು ಸುಗುಣ. ಬೀದಿಗೆಲ್ಲ ಕೇಳಿತು. ನನಗೂ ಕೇಳಿತು.

ಅವಳ ಕೆಲಸ ನಿಧಾನ. ಮೊದಲು ನನ್ನ ಬಾಯಿಯ ಸಿಮೆಂಟನ್ನು ಉಳಿಯಿಂದ ಎಬ್ಬಿಸಿದಳು. ಉಳಿದ ಸುಣ್ಣದಂಶ ಮೀನಿಗೆ ಆಗದು ಅಂತ, ಹುಣಸೆಹಣ್ಣು ಕಿವಿಚಿ, ತೆಂಗಿನ ನಾರಿನಿಂದ ಭಾನುವಾರ ಭಾನುವಾರ ತಿಕ್ಕಿದಳು. ನೀರು ತುಂಬಿಸುವುದು, ಬಿಡುವುದು, ಮತ್ತೆ ತುಂಬಿಸುವುದು. ತಳದ ತೂತಿಗೆ ಮರದ ಬೆಣೆ ಕೆತ್ತಿ, ಸೈಕಲ್ ಟ್ಯೂಬು ಸುತ್ತಿ ಬಿಗಿಯಾಗಿ ಹೊಡೆದಳು. ಎರಡು ಇಟ್ಟಿಗೆ ಜೋಡಿಸಿ ನೀರೊಳಗೊಂದು ಮೆಟ್ಟಿಲು ಮಾಡಿ, ಅದರ ಮೇಲೆ ಬಜೆ ಗಿಡದ ಕುಂಡ ಇಟ್ಟಳು. ಕೆರೆಯ ಗೋಡುಮಣ್ಣು ತುಂಬಿದ ಮಡಕೆಯಲ್ಲಿ ನೈದಿಲೆಯ ಗಡ್ಡೆ ನೆಟ್ಟು, ಮಣ್ಣು ಕದಡದಂತೆ ಮೇಲೆ ಬೆಣಚುಕಲ್ಲು ಹರಡಿ, ನನ್ನ ತಳಕ್ಕೆ ಇಳಿಸಿದಳು. ಮೇಲೆ ಅಂತರಗಂಗೆಯ ಸೊಪ್ಪು ತೇಲಿಬಿಟ್ಟಳು. ನಲ್ಲಿ ನೀರಿನಲ್ಲಿ ಬ್ಲೀಚಿಂಗ್ ಪುಡಿಯ ವಾಸನೆ. ಅದನ್ನು ಬಕೆಟ್ಟುಗಳಲ್ಲಿ ತೆರೆದಿಟ್ಟು, ವಾಸನೆ ಹೋದ ಮೇಲೆ ಹುಯ್ದಳು.

"ನೀರು ಬಂತು, ಸೊಪ್ಪು ಬಂತು. ಮೀನೇನು ಆಕಾಶದಿಂದ ಉದುರ್ತಾವಾ?" ಎಂದು ವೀರಭದ್ರ ದಿನಾ ಕೇಳುತ್ತಿದ್ದ.

"ಗಿಡ ಬೇರು ಬಿಡಲಿ. ಮನೆ ಸಿದ್ಧ ಆಗದೆ ನೆಂಟರನ್ನ ಕರೀತಾರಾ?"

ಆ ಕಾಯುವ ದಿನಗಳಲ್ಲಿ ನಾನು ಕಂಡದ್ದನ್ನು ಹೇಗೆ ಹೇಳಲಿ! ನನ್ನ ಆಯುಷ್ಯದಲ್ಲಿ ಮೊದಲ ಸಲ ನೀರು ನನ್ನಲ್ಲಿ ನಿಂತಿತು. ನಿಂತ ನೀರು ಸುಮ್ಮನಿರುತ್ತದೆ ಅಂದುಕೊಂಡಿದ್ದೆ. ಅದು ಸುಮ್ಮನಿರಲಿಲ್ಲ. ಅಂತರಗಂಗೆಯ ಬೇರುಗಳು ಬಿಳಿ ರೇಷ್ಮೆ ಎಳೆಯಂತೆ ಇಳಿಬಿದ್ದವು. ಯಾರೂ ಕರೆಯದೆ ಒಂದು ಬಸವನಹುಳು, ಯಾವ ಬೇರಿಗೆ ಅಂಟಿಕೊಂಡು ಬಂದಿತ್ತೋ, ನನ್ನ ಗೋಡೆಯ ಮೇಲೆ ಹೊರಟಿತು. ನನ್ನ ಬೂದು ಮೈಗೆ ಹಸಿರು ಪಾಚಿ ಹತ್ತಿತು, ಕಲ್ಲಿಗೂ ಕೂದಲು ಬರುವಂತೆ. ಏರೋಪ್ಲೇನ್ ಚಿಟ್ಟೆಯೊಂದು ಬಜೆಯ ಎಲೆಯ ತುದಿಯಲ್ಲಿ ಕೂತು, ತನ್ನ ನೆರಳನ್ನು ತಾನೇ ನೋಡಿಕೊಂಡಿತು. ಇವರೆಲ್ಲ ಇಷ್ಟು ದಿನ ಎಲ್ಲಿದ್ದರು? ಯಾರು ಇವರಿಗೆ ನನ್ನ ವಿಳಾಸ ಕೊಟ್ಟರು?

ಆಮೇಲೆ ಮೂರು ಮೀನು ಬಂದವು, ಪ್ಲಾಸ್ಟಿಕ್ ಕವರಿನಲ್ಲಿ. ಸುಗುಣ ಕವರನ್ನು ಬಿಚ್ಚದೆ ಹಾಗೇ ನೀರಿನ ಮೇಲೆ ತೇಲಿಸಿ ಕಾದಳು. ಒಳಗಿನ ನೀರೂ ಹೊರಗಿನ ನೀರೂ ಒಂದೇ ತಂಪಿಗೆ ಬರಬೇಕಂತೆ. ಆಮೇಲೆ ಬಾಯಿ ಬಿಚ್ಚಿದಳು. ಅಬ್ಬಾ! ಬೆಂಕಿಯ ಮೂರು ಚೂರು ನನ್ನೊಳಗೆ ಇಳಿದವು, ಸುಡಲಿಲ್ಲ. ಒಂದಕ್ಕೆ ಬಾಲದಲ್ಲಿ ಬಿಳಿ ಅಂಚು, ಥೇಟ್ ಸೀರೆಯ ಅಂಚಿನ ಹಾಗೆ. ಸೊಳ್ಳೆಯ ಮರಿಹುಳುಗಳನ್ನು ಅವು ನುಂಗಿ ಮುಗಿಸಿದವು. ಸಂಜೆ ಕಾರ್ಖಾನೆಯಿಂದ ಬಂದ ಸುಗುಣ ಚಪ್ಪಲಿಯನ್ನೂ ಬಿಡದೆ ನನ್ನ ಪಕ್ಕ ಕೂರುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅವಳ ಭುಜಗಳು ಕೆಳಗಿಳಿಯುತ್ತಿದ್ದವು. ವೀರಭದ್ರ ಏನಾದರೂ ಕೇಳಿದರೆ ಮೆಲ್ಲಗೆ ಉತ್ತರಿಸುತ್ತಿದ್ದಳು. "ಏನೇ, ಗಂಟಲು ಕಟ್ಟಿದೆಯಾ?" ಎಂದು ಅವನು ಗಾಬರಿಯಾಗಿದ್ದ.

ದೀಪಾವಳಿಗೆ ನಾಲ್ಕೈದು ದಿನವಿರುವಾಗ ಚೌಡಮ್ಮ ಶಿಡ್ಲಘಟ್ಟದಿಂದ ವಾಪಸು ಬಂದಳು. ಈಗ ಮುದುಕಿ. ಕಣ್ಣಿಗೆ ಪೊರೆ. ಬಂದ ಮಾರನೆಯ ಬೆಳಿಗ್ಗೆ ಅವಳ ಹೆಜ್ಜೆಯ ಸದ್ದು ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಕಲ್ಲಿಗೆ ಕೈಯಿದ್ದಿದ್ದರೆ ಚಾಚುತ್ತಿದ್ದೆ. ಆ ಹೊತ್ತಿಗೆ ಸುಗುಣ ಕಾರ್ಖಾನೆಗೆ ಹೋಗಿಯಾಗಿತ್ತು, ವೀರಭದ್ರ ಗಾಡಿ ಹತ್ತಿಯಾಗಿತ್ತು. ಚೌಡಮ್ಮ ಗೇಟು ತೆಗೆದು ಬಂದು ಬಗ್ಗಿದಳು. ಪೊರೆ ಬಂದ ಕಣ್ಣಿಗೆ ನೀರು ಕಂಡಿತು. ನೀರಿನ ಮೇಲೆ ಹಸಿರು ಸೊಪ್ಪು ತೇಲುವುದು ಕಂಡಿತು.

"ಸದ್ಯ," ಅಂದಳು ತನಗೆ ತಾನೇ. "ಹೊಸಬರು ಹಸು ಕಟ್ಟವ್ರೆ. ಸೊಪ್ಪೂ ಹಾಕವ್ರೆ."

ಮನೆಗೆ ಹೋಗಿ ಪಾತ್ರೆ ತಂದಳು. ಹುಯ್ದಳು. ಒಂದು ಹನಿ ಆಚೆ ಸಿಡಿಯಲಿಲ್ಲ.

ನಿಜ ಹೇಳುತ್ತೇನೆ: ಆ ಸದ್ದು ನನ್ನ ಹಳೆಯ ಸದ್ದು. ಮೊದಲ ದಿನ ನನಗೆ ಹಿತವಾಗಿಯೇ ಇತ್ತು. ಮೀನುಗಳೂ ಅಗುಳಿಗೆ ಮೂತಿಯಿಟ್ಟು ಆಡಿದವು. ಎರಡನೆಯ ದಿನ ಗಂಜಿ ಬಂತು. ಆಮೇಲೆ, ಹಸು ಬಸುರಿಯೋ ಏನೋ ಅಂತ, ಒಂದು ಹಿಡಿ ಬೂಸಾ. ಕುಡಿಯುವ ಕೆಂದಿಯೇ ಇಲ್ಲ. ಹುಯ್ದದ್ದೆಲ್ಲ ತಳಕ್ಕಿಳಿದು ಹುಳಿಯಿತು. ನೀರು ಹಾಲಿನಂತೆ ಬೆಳ್ಳಗಾಯಿತು. ಮೀನುಗಳು ಮೇಲಕ್ಕೆ ಬಂದು, ಬಾಯಿ ತೆರೆದು ಮುಚ್ಚಿ, ಗಾಳಿಯನ್ನೇ ಕುಡಿಯತೊಡಗಿದವು. ನನಗೆ ಗೊತ್ತು ಯಾರು ಅಂತ. ಗೊತ್ತಿದ್ದು ಏನು ಬಂತು, ತಟ್ಟಿದರೆ ದನಿ ಬರುತ್ತದೆಯೇ ಹೊರತು ಮಾತು ಬರುವುದಿಲ್ಲ.

ಸಂಜೆ ಬಂದ ಸುಗುಣ ಮೂಸಿ ನೋಡಿದಳು. ಸಿಮೆಂಟು ಪೂರ್ತಿ ಹೋಗಿಲ್ಲವೇನೋ ಅಂದಳು. ಮೀನಿನ ಕಾಳು ಜಾಸ್ತಿ ಹಾಕಿದೆನೇನೋ ಅಂದಳು. ನೈದಿಲೆಯ ಮಣ್ಣು ಕೊಳೆಯಿತೇನೋ ಅಂದಳು. ಎಲ್ಲ ತಪ್ಪನ್ನೂ ತನ್ನ ಮೇಲೇ ಹೇರಿಕೊಂಡಳು. ಮೇಲಿನ ನೀರು ತೆಗೆದು ಹೊಸದು ಹುಯ್ದರೂ ಮಾರನೆಯ ಸಂಜೆಗೆ ಮತ್ತೆ ಅದೇ ಬಿಳುಪು.

"ನಾತ ಬಂತು," ಅಂದ ವೀರಭದ್ರ. ಖುಷಿಯಿಂದ ಹೇಳಲಿಲ್ಲ, ಪಾಪ. "ಮಾತು ಮಾತೇ ಅಲ್ವೇನೆ?"

ಸುಗುಣ ಮೆಲ್ಲಗೆ, "ಹೂಂ," ಅಂದಳು. ಅವಳು ಕೂಗಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಬಲಿಪಾಡ್ಯಮಿಯ ಬೆಳಿಗ್ಗೆ. ಹಬ್ಬಕ್ಕೆ ಮಗ್ಗಗಳೆಲ್ಲ ನಿಂತು ಬೀದಿಯೇ ಕಿವುಡಾದಂತಿತ್ತು. ಸಮ್ಮಟಿಗೆ ಬಂದು ಗೋಡೆಗೊರಗಿ ನಿಂತಿತ್ತು. ಹಬ್ಬ ಕಳೆದ ಮಾರನೆಗೆ ಏಟು ಅಂತ ತೀರ್ಮಾನ. ನನ್ನ ಮೇಲೆ ಒಂದು ಮೀನು ಅಡ್ಡಲಾಗಿ ತೇಲುತ್ತಿತ್ತು. ಸುಗುಣ ಅದನ್ನು ಅಂಗೈಯಲ್ಲಿ ಎತ್ತಿ, ಕರಿಬೇವಿನ ಗಿಡದ ಬುಡದಲ್ಲಿ ಮಣ್ಣು ಮಾಡಿ, ಕೈ ತೊಳೆಯುತ್ತಿದ್ದಳು. ಗೇಟು ಕಿರ್ರೆಂದಿತು.

ಚೌಡಮ್ಮ ಬಂದಳು. ಒಂದು ಕೈಯಲ್ಲಿ ಪಾತ್ರೆ. ಇನ್ನೊಂದರಲ್ಲಿ ಅರಿಶಿನ ಕುಂಕುಮದ ತಟ್ಟೆ, ಚೆಂಡುಹೂವಿನ ಹಾರ.

"ಹಸೂನ ಎಲ್ಲವ್ವಾ ಕಟ್ಟಿದ್ದೀರಿ? ದಿನಾ ನನ್ನ ಕೈಯಾಗೆ ಕುಡಿದು ಒಂದು ದಿನಾನೂ ಮೊಕ ತೋರಿಸಲಿಲ್ಲ. ಇವತ್ತು ಪೂಜೆ ಮಾಡದೆ ಬಿಡಾಕಿಲ್ಲ," ಎನ್ನುತ್ತಲೇ ಪಾತ್ರೆ ಬಗ್ಗಿಸಿದಳು. ಬೆಳ್ಳನೆಯ ಧಾರೆ ನನ್ನೊಳಗೆ ಬಿತ್ತು.

"ಅಜ್ಜೀ!" ಸುಗುಣ ಕೂಗಿದ ಕೂಗಿಗೆ ಕಾಗೆಗಳೆದ್ದವು.

"ಯಾಕವ್ವಾ ಕೂಗ್ತೀಯಾ? ಹಳಸಿದ್ದಲ್ಲ. ಈಗಿಂದೀಗ ತೊಳೆದ ಅಕ್ಕಿ."

ವೀರಭದ್ರ ಬಾಗಿಲಲ್ಲಿ ನಿಂತವನು ಮೊದಲು ನಕ್ಕ. ಆಮೇಲೆ ಹೆಂಡತಿಯ ಮುಖ ನೋಡಿ ನಗು ನುಂಗಿಕೊಂಡ. ಸುಗುಣ ಕೈ ಎತ್ತಿದ್ದಳು, ಏನೋ ಅನ್ನಲು ಬಾಯಿ ತೆರೆದಿದ್ದಳು. ಮುದುಕಿಯ ಕೈಯಲ್ಲಿ ಆ ಹಾರ ಹಾಗೇ ತೂಗುತ್ತಿತ್ತು, ಇಲ್ಲದ ಹಸುವಿನ ಕೊರಳಿಗೆಂದು. ಎತ್ತಿದ ಕೈ ಇಳಿಯಿತು.

"ಹಸು ಇಲ್ಲ ಅಜ್ಜಿ," ಅಂದಳು. "ಬಾ ಇಲ್ಲಿ. ಕೈ ಕೊಡು."

ಚೌಡಮ್ಮನ ಸುಕ್ಕು ಬೆರಳುಗಳನ್ನು ಹಿಡಿದು ನೀರೊಳಗೆ ಇಳಿಸಿದಳು. ಇಬ್ಬರೂ ಕೈ ಅಲುಗಿಸಲಿಲ್ಲ. ಸೀರೆಯಂಚಿನ ಬಾಲದ ಮೀನು ನಿತ್ರಾಣವಾಗಿ ತೇಲಿಬಂದು, ಅಗುಳು ಅಂದುಕೊಂಡಿತೋ ಏನೋ, ಆ ಬೆರಳ ತುದಿಗೆ ಮೂತಿ ತಾಗಿಸಿತು.

ಚೌಡಮ್ಮನ ಮೈ ಜುಮ್ಮೆಂದದ್ದು ನನ್ನ ಅಂಚಿಗೂ ಗೊತ್ತಾಯಿತು. "ಅವ್ವಾ... ಜೀವ ಐತೆ ಇದರಾಗೆ!" ಅಂದಳು. ಕೈ ತೆಗೆಯಲಿಲ್ಲ. "ಇಷ್ಟು ಸಣ್ಣ ಬಾಯಿ. ಇದಕ್ಕೆ ನಾನು ಹಸು ಹೊಟ್ಟೆಯಷ್ಟು ಹುಯ್ದ್ನಲ್ಲೇ, ಮಗಾ!"

"ಈಗ ಅಳೋಕೆ ಹೊತ್ತಿಲ್ಲ ಅಜ್ಜಿ. ತಳದ ಕೊಳೆ ಬಿಡಬೇಕು. ರೀ, ಆ ಬೆಣೆ ಕೀಳ್ರಿ!"

ಬೆಣೆ ನೀರು ಕುಡಿದು ಉಬ್ಬಿ ಕಚ್ಚಿಕೊಂಡಿತ್ತು. ವೀರಭದ್ರ ಹಿಡಿದೆಳೆದ, ಬರಲಿಲ್ಲ. ಸುತ್ತ ನೋಡಿದ. ನನ್ನನ್ನು ಒಡೆಯಲೆಂದು ತಂದಿದ್ದ ಸಮ್ಮಟಿಗೆಯನ್ನೇ ಎತ್ತಿಕೊಂಡ. ಅವನು ಅದರ ಮರದ ಹಿಡಿಯ ತುದಿಯಿಂದ ಬೆಣೆಯ ಪಕ್ಕಕ್ಕೆ ಆಚೆ ಈಚೆ ಮೆಲ್ಲಗೆ ತಟ್ಟಿದ. ಟಕ್. ಟಕ್. ಬೆಣೆ ಸಡಿಲಿತು. ಓಬಳಪ್ಪ ಕೊರೆದಿಟ್ಟ ತೂತಿನಿಂದ ಹುಳಿ ಬಿಳುಪೆಲ್ಲ ಬಳಬಳ ಹರಿದು ಮೋರಿಗೆ ಹೋಯಿತು.

"ಪೂರ್ತಿ ಬಿಡಬ್ಯಾಡಿ! ಸಾಕು, ಮುಚ್ಚಿ!" ಸುಗುಣ ಕೂಗಿದಳು. "ಅಯ್ಯೋ, ಹುಯ್ಯೋಕೆ ನೀರೆಲ್ಲಿ? ನಲ್ಲೀದು ಹಾಕಿದ್ರೆ ಇವೆರಡೂ ಹೋಗ್ತವೆ. ಆರಿಟ್ಟ ನೀರು ಬೇಕು."

"ಆರಿಟ್ಟಿದ್ದು ಅಂದ್ರೆ?" ಚೌಡಮ್ಮ ಕೇಳಿದಳು.

"ಒಂದೆರಡು ದಿನ ಸುಮ್ಮನೆ ಪಾತ್ರೇಲಿ ತೆರೆದಿಟ್ಟಿದ್ದು."

ಮುದುಕಿ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ನೀರು ತುಂಬೋ ಹಬ್ಬ ಆಗಿ ಎಷ್ಟು ದಿನ ಆಯ್ತವ್ವಾ? ನಮ್ಮನೇಲಿ ಬಾ."

ನರಕ ಚತುರ್ದಶಿಯ ಹಿಂದಿನ ಸಂಜೆ ಮನೆಯ ಪಾತ್ರೆಗಳನ್ನೆಲ್ಲ ತೊಳೆದು ನೀರು ತುಂಬಿಸಿಡುವುದು ಪದ್ಧತಿ. ಚೌಡಮ್ಮನ ಮನೆಯಲ್ಲಿ ಈಗ ಇರುವವರು ಅವಳು, ಮೈದುನ, ಮೈದುನನ ಹೆಂಡತಿ. ತುಂಬಿಸಿಟ್ಟದ್ದು ಮಾತ್ರ ಅತ್ತೆಯ ಕಾಲದಷ್ಟೇ, ಗುಡಾಣ, ಕೊಡ, ಮಡಕೆ, ಬಕೆಟ್ಟು, ಗೋಡೆಯುದ್ದಕ್ಕೂ. ಸ್ನಾನಕ್ಕೆ ಒಂದು ಹಂಡೆ ಖರ್ಚಾಗಿತ್ತು. ಉಳಿದದ್ದು ಹಾಗೇ ತಣ್ಣಗೆ ಕಾಯುತ್ತಿತ್ತು.

ಮೂವರೂ ಹೊತ್ತರು. ಹಬ್ಬದ ಹೊಸ ಬಟ್ಟೆಯಲ್ಲಿ ವೀರಭದ್ರ ಗುಡಾಣವನ್ನು ಹೆಗಲಿಗೇರಿಸಿಕೊಂಡು, "ಮೀನಿಗೆ ಗಂಗಾಸ್ನಾನ, ನನಗೆ ಬೆವರಿನ ಸ್ನಾನ," ಎಂದು ಗೊಣಗುತ್ತ ಬಂದ. ಸಲಸಲಕ್ಕೆ ಸ್ವಲ್ಪ ಸ್ವಲ್ಪವೇ, ಕೈ ಅಡ್ಡ ಹಿಡಿದು, ಸುಗುಣ ಹುಯ್ದಳು. ಮಧ್ಯಾಹ್ನದ ಹೊತ್ತಿಗೆ ನನ್ನ ತಳದ ಬೆಣಚುಕಲ್ಲುಗಳು ಕಂಡವು. ಎರಡು ಮೀನುಗಳು ಮೇಲಿನಿಂದ ಕೆಳಗಿಳಿದು, ನೈದಿಲೆಯ ಎಲೆಯಡಿಯಲ್ಲಿ ನಿಂತವು. ಬಾಯಿ ಬಡಿಯುವುದು ನಿಂತಿತು.

ವೀರಭದ್ರ ನನ್ನ ಅಂಚಿನ ಮೇಲೆ ಕೂತು ನೋಡುತ್ತಲೇ ಇದ್ದ. ಎಷ್ಟೋ ಹೊತ್ತಿನ ಮೇಲೆ, "ಗೇಟನ್ನೇ ಆ ಮೂಲೆಗೆ ಸರಿಸಿದ್ರೆ ಗಾಡಿ ಒಳಗೆ ಬರ್ತದೆ ಬಿಡು," ಅಂದ, ಇಷ್ಟು ದಿನ ಇದು ಹೊಳೆದೇ ಇರಲಿಲ್ಲ ಅನ್ನುವ ಹಾಗೆ.

ಚೌಡಮ್ಮ ತಂದ ಹಾರವನ್ನು ವಾಪಸು ಒಯ್ಯಲಿಲ್ಲ. ನನ್ನ ಅಂಚಿಗೆ ಅರಿಶಿನ ಕುಂಕುಮ ಹಚ್ಚಿ, ಹಾರವನ್ನು ನನಗೇ ಸುತ್ತಿದಳು. ಕಲಗಚ್ಚಿನ ಬಾನಿಗೆ ಪೂಜೆ! ನಾಚಿಕೆಯಿಂದ ಎಲ್ಲಿ ನೋಡಬೇಕೋ ತಿಳಿಯದೆ ಆಕಾಶ ನೋಡಿದೆ. ಅದು ನನ್ನೊಳಗೇ ಇತ್ತು.

ಅಂದಿನಿಂದ ಚೌಡಮ್ಮನ ಬೆಳಗಿನ ಹೆಜ್ಜೆ ತಪ್ಪಿಲ್ಲ. ಕಲಗಚ್ಚು ಈಗ ಕರಿಬೇವಿನ ಬುಡಕ್ಕೆ. ನನಗೆ ರಾತ್ರಿಯೆಲ್ಲ ಆರಿಟ್ಟ ಒಂದು ಪಾತ್ರೆ ನೀರು. ಬಿಸಿಲು ನನ್ನಿಂದ ದಿನಾ ಕದ್ದೊಯ್ಯುವಷ್ಟನ್ನು ಅವಳು ದಿನಾ ತಂದು ತುಂಬುತ್ತಾಳೆ. ಅದೇ ಪಾತ್ರೆ, ಅದೇ ಸದ್ದು. ಹುಯ್ದ ಮೇಲೆ ಬೆರಳಿಳಿಸಿ ಕಾಯುತ್ತಾಳೆ. ಕಣ್ಣು ಈಗ ಪೂರ್ತಿ ಮಬ್ಬು, ಆದರೆ ಬಂದದ್ದು ಯಾವ ಮೀನೆಂದು ಮೂತಿಯಿಂದಲೇ ಹೇಳುತ್ತಾಳೆ. "ಅಂಚಿನ ಬಾಲದವಳು ಬಂದ್ಳು ನೋಡು," ಅಂದರೆ, ಭಾನುವಾರ ಮನೆಯಲ್ಲಿರುವ ಸುಗುಣ ಪಕ್ಕದಲ್ಲಿ ಕೂತು "ಹೂಂ ಅಜ್ಜಿ" ಅನ್ನುತ್ತಾಳೆ, ಬೀದಿಗೆ ಕೇಳದಷ್ಟು ಮೆಲ್ಲಗೆ.

ನನಗೂ ವಯಸ್ಸಾಯಿತು. ಅಂಚಿನ ಒಂದು ಮೂಲೆ ಮುಕ್ಕಾಗಿದೆ, ಗೇಟು ಸರಿಸುವಾಗ ತಗುಲಿದ್ದು. ಮೈತುಂಬ ಪಾಚಿ. ಇನ್ನು ನನ್ನನ್ನು ಯಾರೂ ಎತ್ತಲಾರರು, ಎಲ್ಲಿಗೂ ಒಯ್ಯಲಾರರು. ಇದೇ ನನ್ನ ಕೊನೆಯ ಜಾಗ ಅಂದುಕೊಂಡು ನೆಮ್ಮದಿಯಾಗಿದ್ದೆ. ಆದರೆ ಬೆರಗಾಗುವುದು ಇನ್ನೂ ಮುಗಿದಿರಲಿಲ್ಲ.

ಈ ಬೇಸಿಗೆಯ ಮೊದಲ ಮಳೆಯ ಮಾರನೆಯ ದಿನ ಅಂತರಗಂಗೆಯ ಬೇರುಗಳಲ್ಲಿ ಸಬ್ಬಕ್ಕಿಯಂಥ ಮಣಿಗಳು ಅಂಟಿಕೊಂಡಿದ್ದವು. ಕೆಲವನ್ನು ದೊಡ್ಡ ಮೀನುಗಳೇ ತಿಂದವು. ಕೆಲವು ಒಡೆದು, ಕೂದಲೆಳೆಗೆ ಎರಡು ಕಣ್ಣಿಟ್ಟಂಥ ಮರಿಗಳಾದವು. ಇನ್ನೂ ಚಿನ್ನದ ಬಣ್ಣ ಬಂದಿಲ್ಲ, ಮಣ್ಣಿನ ಬಣ್ಣ. ಅವು ನನ್ನ ಗೋಡೆಯ ಪಾಚಿಯನ್ನು ತಿನ್ನಲು ಬರುತ್ತವೆ. ತಿನ್ನುವಾಗ ಒಂದೊಂದು ಮೂತಿಯೂ ನನ್ನ ಮೈಯನ್ನು ತಟ್ಟುತ್ತದೆ.

ಹಿಂದೆ ಓಬಳಪ್ಪ ಹೀಗೇ ತಟ್ಟಿದ್ದ, ಹೊರಗಿನಿಂದ, ಒಳಗೆ ಏನಿದೆಯೋ ತಿಳಿಯಲೆಂದು. ಈಗ ಒಳಗಿನಿಂದ ತಟ್ಟುತ್ತಿವೆ. ನಾನು ಅಲುಗಾಡದೆ ನಿಂತು ಕಿವಿಗೊಟ್ಟಿದ್ದೇನೆ.